ರವಿವರ್ಮ ಒಬ್ಬರಲ್ಲ

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದವರು ನೋಡದೆ ಹಿಂದಿರುಗದ ಒಂದು ಚಿತ್ರವಿದೆ. ಒಂದು ಕೈಯಲ್ಲಿ ದೀಪ ಹಿಡಿದು ನಿಂತ ಹೆಣ್ಣುಮಗಳು, ಇನ್ನೊಂದು ಕೈ ಜ್ವಾಲೆಗೆ ಮರೆ. ಬೆರಳುಗಳ ಸಂದಿಯಲ್ಲಿ ಬೆಳಕು ಕೆಂಪಗೆ ಹಾಯುತ್ತದೆ, ಮುಖದ ಮೇಲೆ ಹೊಂಬಣ್ಣ ಹರಡಿದೆ, ಸೀರೆಯ ಅಂಚು ದಾಟಿದರೆ ಬರಿ ಕತ್ತಲು. ಇದು ಯಾರ ಚಿತ್ರ ಎಂದು ಅದರ ಮುಂದೆ ನಿಂತವರನ್ನು ಕೇಳಿದರೆ ಬಹಳ ಜನ ಯೋಚಿಸದೆ ಹೇಳುವ ಹೆಸರು ರವಿವರ್ಮರದು. ಬರೆದವರು ಸಾವಂತವಾಡಿಯ ಎಸ್.ಎಲ್. ಹಲ್ದಣಕರ್. ಕಾಲ 1940ರ ದಶಕದ ಮಧ್ಯಭಾಗ, ಮಾಧ್ಯಮ ಜಲವರ್ಣ, ರೂಪದರ್ಶಿ ಅವರ ಮಗಳು ಗೀತಾ. ರವಿವರ್ಮರು ತೀರಿಕೊಂಡದ್ದು 1906ರ ಅಕ್ಟೋಬರ್ 2ರಂದು. ಅವರಿಗೆ ಹೆಸರು ತಂದದ್ದು ತೈಲವರ್ಣ. ಕಾಲವೂ ಕೂಡುವುದಿಲ್ಲ, ಬಣ್ಣವೂ ಕೂಡುವುದಿಲ್ಲ. ಆದರೂ ಹಲ್ದಣಕರರ ಜೀವಮಾನದ ಅತ್ಯುತ್ತಮ ಕೆಲಸ ಅವರ ಕೈ ತಪ್ಪಿ ಇನ್ನೊಬ್ಬರ ಹೆಸರಿಗೆ ಹೋಗುತ್ತಲೇ ಇದೆ.

ಇದನ್ನು ಪ್ರವಾಸಿಗರ ಅಜ್ಞಾನ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕಲಾವಿದರ ಬದುಕನ್ನು ನಾವು ಹೇಳಿಕೊಂಡು ಬಂದ ರೀತಿಯೇ ಇದಕ್ಕೆ ಕಾರಣ. ಒಂದು ಕಾಲದ ಅಂದವನ್ನೆಲ್ಲ ಒಬ್ಬರ ಹೆಸರಿನ ಕೆಳಗೆ ತಂದು ಗುಡ್ಡೆ ಹಾಕುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಜೀವನಚರಿತ್ರೆಗಳು ಈ ಅಭ್ಯಾಸವನ್ನು ಬಿಡಿಸಬೇಕಿತ್ತು. ಕೆಲವು ಒಳ್ಳೆಯ ಪುಸ್ತಕಗಳು ಆ ಕೆಲಸ ಮಾಡಿಯೂ ಇವೆ. ಆದರೆ ಪುಸ್ತಕ ಬಿಡುಗಡೆಯಾಗಿ, ಲೇಖಕರು ಪುಸ್ತಕದಂಗಡಿಗೆ ಬಂದು ಮಾತಾಡುವ ಸಂಜೆ, ಒಳಗೆ ಬಿಡಿಸಿಟ್ಟ ಗಂಟನ್ನು ಮತ್ತೆ ಹಾಕಲಾಗುತ್ತದೆ. ಆಕ್ಷೇಪಿಸಬೇಕೆನಿಸುವುದು ಅದನ್ನು.

ಬೆಂಗಳೂರಿನಲ್ಲಿ ಇಂಥ ಸಂಜೆಗಳು ಈಗ ಧಾರಾಳವಾಗಿ ನಡೆಯುತ್ತವೆ, ನಡೆಯಬೇಕು ಕೂಡ. ಕಪಾಟುಗಳನ್ನು ಗೋಡೆಗೆ ಸರಿಸಿ ಮೂವತ್ತು ನಲವತ್ತು ಕುರ್ಚಿ ಹಾಕಿರುತ್ತಾರೆ. ಲೇಖಕರ ಜೊತೆ ಸಂವಾದಕ್ಕೆ ಒಬ್ಬರು, ಇಬ್ಬರ ನಡುವೆ ಪುಟ್ಟ ಮೇಜು, ಮೇಲೆ ಪುಸ್ತಕದ ರಾಶಿ. ಮುಕ್ಕಾಲು ಗಂಟೆ ಮಾತು, ಕಾಲು ಗಂಟೆ ಪ್ರಶ್ನೆ, ಆಮೇಲೆ ಸಹಿಗೆ ಸಾಲು. ಬಂದವರಲ್ಲಿ ಪುಸ್ತಕವನ್ನು ಆಗಲೇ ಓದಿದವರು ಒಬ್ಬಿಬ್ಬರು ಇದ್ದರೆ ಹೆಚ್ಚು. ಚಿತ್ರಕಲಾವಿದರ ಜೀವನಚರಿತ್ರೆ ಎಂದರೆ ಬಣ್ಣದ ಪುಟಗಳ ದಪ್ಪ ಪುಸ್ತಕ, ಬೆಲೆ ಕೆಲವೊಮ್ಮೆ ಸಾವಿರಗಳಲ್ಲಿ. ಕೊಂಡವರೂ ಕೊನೆಯ ಪುಟದವರೆಗೆ ಓದುತ್ತಾರೆಂದು ಹೇಳಲಾಗದು. ಹಾಗಾಗಿ ಆ ಮುಕ್ಕಾಲು ಗಂಟೆಯೇ ಅಲ್ಲಿ ಕೂತ ಬಹುಪಾಲು ಜನರಿಗೆ ಆ ಕಲಾವಿದರ ಪೂರ್ತಿ ಜೀವನಚರಿತ್ರೆ. ಮರುದಿನ ಮನೆಯಲ್ಲಿ, ಕಚೇರಿಯಲ್ಲಿ, ತರಗತಿಯಲ್ಲಿ ಅವರು ಹೇಳುವುದು ಅಲ್ಲಿ ಕೇಳಿದ್ದನ್ನು.

‘ಅದು ಪ್ರಚಾರದ ಕಾರ್ಯಕ್ರಮ, ಅಲ್ಲಿ ಪಾಂಡಿತ್ಯ ನಿರೀಕ್ಷಿಸಬಾರದು’ ಎನ್ನುವವರಿದ್ದಾರೆ. ವಿಮರ್ಶಕರಂತೂ ಈ ಸಂಜೆಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪುಸ್ತಕವನ್ನು ತೂಗಿ ನೋಡುತ್ತಾರೆ, ಅದನ್ನು ಜನರ ಮುಂದೆ ಹೇಗೆ ಹೇಳಿದರು ಎಂಬುದನ್ನು ನೋಡುವುದಿಲ್ಲ. ಈ ಉದಾಸೀನ ಸರಿಯಲ್ಲ. ಒಬ್ಬ ಕಲಾವಿದರ ಬಗ್ಗೆ ನಾಡು ಏನು ನಂಬುತ್ತದೆ ಎಂಬುದು ತೀರ್ಮಾನವಾಗುವುದು ಇಂಥ ಮಾತುಗಳಲ್ಲಿ, ಮಾತಿನ ಮೇಲೆ ಬರುವ ಪತ್ರಿಕಾ ವರದಿಗಳಲ್ಲಿ, ವರದಿಯಿಂದ ಹುಟ್ಟುವ ಶಾಲಾ ಭಾಷಣಗಳಲ್ಲಿ.

ರವಿವರ್ಮರ ವಿಷಯದಲ್ಲಿ ನಂಬಿಕೆ ಏನೆಂದು ನಮಗೆಲ್ಲ ಬಾಯಿಪಾಠ. 1848ರಲ್ಲಿ ಕಿಳಿಮಾನೂರಿನಲ್ಲಿ ಹುಟ್ಟಿದ ಹುಡುಗ ಗೋಡೆಯ ಮೇಲೆ ಇದ್ದಿಲಿನಿಂದ ಚಿತ್ರ ಬರೆದ. ತಿರುವನಂತಪುರದ ಅರಮನೆಗೆ ಹೋದ. ಡಚ್ಚರೋ ಡೇನರೋ ಆದ ಯೂರೋಪಿನ ಚಿತ್ರಕಾರ ಗುಟ್ಟು ಬಿಟ್ಟುಕೊಡದಿದ್ದರೂ ದೂರದಿಂದ ನೋಡಿಯೇ ತೈಲವರ್ಣ ಕಲಿತ. ವಿಯೆನ್ನಾದಲ್ಲಿ, ಷಿಕಾಗೋದಲ್ಲಿ ಪದಕ ಗೆದ್ದ. ಅಲ್ಲಿಯವರೆಗೆ ಮುಖವಿಲ್ಲದಿದ್ದ ನಮ್ಮ ದೇವತೆಗಳಿಗೆ ಮುಖ ಕೊಟ್ಟ. ಅಚ್ಚುಕೂಟ ಹಾಕಿ ದೇವರನ್ನು ಬಡವರ ಮನೆಗೆ ತಂದ. ಅವನ ಲಕ್ಷ್ಮಿಗೂ ಸರಸ್ವತಿಗೂ ಹಿಂದೆ ಒಬ್ಬ ಪ್ರೇಯಸಿ ಇದ್ದಳು. ಎಲ್ಲ ಕ್ರಿಯಾಪದಗಳೂ ಏಕವಚನದಲ್ಲಿ, ಎಲ್ಲವೂ ಅವನೊಬ್ಬನೇ ಮಾಡಿದ್ದು.

ಇದರಲ್ಲಿ ಅರ್ಧ ನಿಜವಿದೆ. ತಿರುವನಂತಪುರಕ್ಕೆ 1868ರಲ್ಲಿ ಥಿಯೋಡರ್ ಜೆನ್ಸನ್ ಎಂಬ ಚಿತ್ರಕಾರ ಬಂದದ್ದು ನಿಜ. 1873ರಲ್ಲಿ ವಿಯೆನ್ನಾದ ಮನ್ನಣೆ, 1893ರಲ್ಲಿ ಷಿಕಾಗೋದ ಪದಕ ನಿಜ. 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಹುಟ್ಟಿದ್ದೂ ನಿಜ. ಹೇಳುವ ರೀತಿಯಲ್ಲಿ ಬಿಟ್ಟುಹೋದವರು ಮಾತ್ರ ಬಹಳ ಜನ. ಅವರಲ್ಲಿ ಮೊದಲನೆಯವರು, ಅತಿ ಹೆಚ್ಚು ಅನ್ಯಾಯಕ್ಕೆ ಒಳಗಾದವರು, ತಮ್ಮ ಸಿ. ರಾಜರಾಜವರ್ಮ.

ಅಣ್ಣನಿಗಿಂತ ಹನ್ನೆರಡು ವರ್ಷ ಚಿಕ್ಕವರು, 1860ರಲ್ಲಿ ಹುಟ್ಟಿದವರು. ತಾವೇ ಒಳ್ಳೆಯ ಚಿತ್ರಕಾರರು. ಭೂದೃಶ್ಯಗಳಲ್ಲಿ ಅವರಿಗೆ ಅಣ್ಣನಿಗಿಲ್ಲದ ಆಸಕ್ತಿಯಿತ್ತು. ಪ್ರಾಯದ ದಿನಗಳಿಂದ ಸಾಯುವವರೆಗೆ ಅವರು ಅಣ್ಣನ ಜೊತೆಗೇ ತಿರುಗಿದರು, ಜೊತೆಗೇ ದುಡಿದರು. ಇಂಗ್ಲಿಷ್ ಪತ್ರವ್ಯವಹಾರ ಅವರದು. ರೈಲು, ಬಿಡಾರ, ಕ್ಯಾನ್ವಾಸ್, ಬಣ್ಣ, ಬಾಕಿ ಹಣ, ದಿವಾನರ ಭೇಟಿ, ಇವೆಲ್ಲದರ ಹೊಣೆ ಹೆಚ್ಚಾಗಿ ಅವರ ಮೇಲೆ. ಕ್ಯಾನ್ವಾಸಿನ ಮುಂದೆಯೂ ಅವರಿದ್ದರು: ಹಿನ್ನೆಲೆಯ ಗಿಡಮರ, ಬಂಡೆ, ನೀರು, ಆಕಾಶ ಎಷ್ಟೋ ಚಿತ್ರಗಳಲ್ಲಿ ತಮ್ಮನ ಕೈ.

ಇದು ಊಹೆಯಲ್ಲ. ರಾಜರಾಜವರ್ಮರು ಇಂಗ್ಲಿಷಿನಲ್ಲಿ ದಿನಚರಿ ಬರೆದಿಟ್ಟಿದ್ದಾರೆ. 1895ರಿಂದ 1904ರವರೆಗಿನ ಆ ದಿನಚರಿಯನ್ನು ಎರ್ವಿನ್ ನೋಯ್ಮಾಯರ್, ಕ್ರಿಸ್ಟೀನ್ ಶೆಲ್‌ಬರ್ಗರ್ ಸಂಪಾದಿಸಿ 2005ರಲ್ಲಿ ಪ್ರಕಟಿಸಿದರು. ರವಿವರ್ಮರು ತಮ್ಮ ಬಗ್ಗೆ ಹೀಗೆ ದಿನದಿನದ ದಾಖಲೆ ಇಟ್ಟವರಲ್ಲ. ಅಂದರೆ ಅವರ ಕೊನೆಯ ಹತ್ತು ವರ್ಷಗಳ ಬದುಕು ನಮಗೆ ಇಷ್ಟು ಹತ್ತಿರದಿಂದ ಗೊತ್ತಾಗಿರುವುದೇ ತಮ್ಮನ ಕಣ್ಣಿನಿಂದ, ತಮ್ಮನ ಬರವಣಿಗೆಯಿಂದ. ಇಬ್ಬರೂ ಎಲ್ಲಿ ಇಳಿದುಕೊಂಡರು, ಯಾರು ಬಂದು ಕುಳಿತರು, ಯಾವ ಚಿತ್ರ ಎಲ್ಲಿಯವರೆಗೆ ಬಂತು, ಮುಂಬಯಿಯ ಪ್ಲೇಗಿನ ದಿನಗಳಲ್ಲಿ ಅಚ್ಚುಕೂಟದ ಗತಿ ಏನಾಯಿತು, 1902ರಲ್ಲಿ ಹೈದರಾಬಾದಿನಲ್ಲಿ ಛಾಯಾಗ್ರಾಹಕ ರಾಜಾ ದೀನ್ ದಯಾಳರ ಆತಿಥ್ಯದಲ್ಲಿದ್ದುಕೊಂಡು ನಿಜಾಮರ ಕರೆಗೆ ಕಾದದ್ದು ಹೇಗಿತ್ತು, ಎಲ್ಲಕ್ಕೂ ಆ ಪುಟಗಳೇ ಸಾಕ್ಷಿ. ಜೀವನಚರಿತ್ರೆ ಬರೆದವರೆಲ್ಲ ಆ ದಿನಚರಿಯ ಋಣದಲ್ಲಿದ್ದಾರೆ. ರೂಪಿಕಾ ಚಾವ್ಲಾ 2010ರಲ್ಲಿ ಪ್ರಕಟಿಸಿದ ದೊಡ್ಡ ಪುಸ್ತಕವಿರಲಿ, ರವಿವರ್ಮರು ಚಿತ್ರಿಸಿದ ಅರಸರ ನೆಪದಲ್ಲಿ ಸಂಸ್ಥಾನಗಳ ಕಥೆ ಹೇಳಿದ ಮನು ಪಿಳ್ಳೈಯವರ 2021ರ ಪುಸ್ತಕವಿರಲಿ, ತಮ್ಮ ಅಲ್ಲಿ ಇದ್ದಾನೆ, ಸರಿಯಾದ ಜಾಗದಲ್ಲೇ ಇದ್ದಾನೆ.

ಅಂಗಡಿಯ ಸಂಜೆಯಲ್ಲಿ ಅವನು ಇರುವುದಿಲ್ಲ. ಯಾರಾದರೂ ಕೇಳಿದರೆ ‘ಹೌದು, ತಮ್ಮ ಬಹಳ ಸಹಾಯ ಮಾಡುತ್ತಿದ್ದರು’ ಎಂಬ ಒಂದು ಮಾತು, ಮತ್ತೆ ಕಥೆ ಅಣ್ಣನ ಕಡೆಗೆ. ಸಹಾಯ ಎಂಬ ಆ ಮಾತು ನನ್ನನ್ನು ಪ್ರತಿ ಸಲವೂ ನೋಯಿಸುತ್ತದೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಒಂದೇ ಕೆಲಸದಲ್ಲಿ ಕೈ ಕೂಡಿಸಿದವನನ್ನು ಸಹಾಯಕ ಎಂದು ಒಂದು ಮಾತಿನಲ್ಲಿ ಮುಗಿಸಿಬಿಡುವುದು ಜೀವನಚರಿತ್ರೆಕಾರರಿಗೆ ಶೋಭಿಸದು. ಆ ದಿನಚರಿಯನ್ನು ಸಾಲುಸಾಲಾಗಿ ಓದಿ ತಮ್ಮ ಪುಸ್ತಕ ಕಟ್ಟಿದವರಿಗಂತೂ ಸರ್ವಥಾ ಶೋಭಿಸದು.

ತಮ್ಮನೊಬ್ಬನೇ ಅಲ್ಲ. ತಂಗಿ ಮಂಗಳಾಬಾಯಿ ತಂಬುರಾಟ್ಟಿಯೂ ಚಿತ್ರಕಾರ್ತಿ; ಅಣ್ಣನ ಭಾವಚಿತ್ರವನ್ನು ತೈಲವರ್ಣದಲ್ಲಿ ಬರೆದವರು. ಹುಡುಗನಿಗೆ ಮೊದಲು ಕುಂಚ ಹಿಡಿಸಿದ್ದು ಸೋದರಮಾವ, ಅವರ ಹೆಸರೂ ರಾಜರಾಜವರ್ಮ. ಮಗ ರಾಮವರ್ಮರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಮಾವೇಲಿಕ್ಕರದಲ್ಲಿ ತಂದೆಯ ಹೆಸರಿನ ಕಲಾಶಾಲೆ ಕಟ್ಟಿದರು. ನಮ್ಮ ಸಂಗೀತಗಾರರ ಮನೆತನಗಳ ಬಗ್ಗೆ ಮಾತಾಡುವಾಗ ಮನೆಯೇ ವಿದ್ಯೆ ಕಲಿಸಿತು ಎಂಬುದನ್ನು ನಾವು ಸಹಜವಾಗಿ ಒಪ್ಪುತ್ತೇವೆ. ಚಿತ್ರಕಾರನ ವಿಷಯ ಬಂದಾಗ ಮಾತ್ರ ಅವನು ಯಾರಿಂದಲೂ ಏನೂ ಪಡೆಯದ ಒಂಟಿ ಪ್ರತಿಭೆ ಆಗಲೇಬೇಕು. ಈ ಹಟ ಯೂರೋಪಿನ ಕಾದಂಬರಿಗಳಿಂದ ಬಂದದ್ದು. ನಮ್ಮ ಚಿತ್ರಗಾರರ ಕೇರಿಗಳಿಂದ ಬಂದದ್ದಲ್ಲ.

ಇನ್ನು ಅಚ್ಚುಕೂಟದ ಮಾತು. ರವಿವರ್ಮರ ಖ್ಯಾತಿ ಇವತ್ತಿಗೂ ಉಳಿದಿದ್ದರೆ ಅದು ಅರಮನೆಯ ಕ್ಯಾನ್ವಾಸುಗಳಿಂದಲ್ಲ. ಅವುಗಳನ್ನು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ನಾವು ನೋಡಿದ್ದು ದೇವರ ಕೋಣೆಯ ಲಕ್ಷ್ಮಿಯನ್ನು, ಶೆಟ್ಟರ ಅಂಗಡಿಯ ಗಲ್ಲಾದ ಮೇಲಿನ ಚಿತ್ರವನ್ನು, ಜರಿ ಅಂಟಿಸಿ ಮಿಣುಕು ಹೊಲಿದು ಅಜ್ಜಿಯರು ಕಟ್ಟು ಹಾಕಿಸಿಟ್ಟ ಸರಸ್ವತಿಯನ್ನು. ಆ ಚಿತ್ರ ಹೇಗಾಯಿತು ಎಂಬುದನ್ನು ಒಂದು ಕ್ಷಣ ಹತ್ತಿರದಿಂದ ನೋಡಬೇಕು.

ಅದು ಕಲ್ಲಚ್ಚಿನ ಕೆಲಸ. ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಎಣ್ಣೆಯಂಶದ ಶಾಯಿಯಿಂದ ಬರೆಯಬೇಕು. ಕಲ್ಲನ್ನು ಒದ್ದೆ ಮಾಡಿದಾಗ ಬರೆದ ಜಾಗ ನೀರನ್ನು ತಳ್ಳಿ ಬಣ್ಣ ಹಿಡಿಯುತ್ತದೆ, ಉಳಿದ ಜಾಗ ನೀರು ಹಿಡಿದು ಬಣ್ಣವನ್ನು ತಳ್ಳುತ್ತದೆ. ಒಂದು ಕಲ್ಲಿಗೆ ಒಂದೇ ಬಣ್ಣ. ಲಕ್ಷ್ಮಿಯ ಸೀರೆಯ ಕೆಂಪಿಗೆ ಒಂದು ಕಲ್ಲು, ಎಲೆಯ ಹಸುರಿಗೆ ಒಂದು, ಮೈಬಣ್ಣದ ತಿಳಿಗೆ ಒಂದು, ನೆರಳಿಗೆ ಇನ್ನೊಂದು. ಕಾಗದವನ್ನು ಒಂದಾದ ಮೇಲೊಂದು ಕಲ್ಲಿನ ಮೇಲೆ ಒತ್ತುತ್ತ ಹೋಗಬೇಕು, ಕೂದಲೆಳೆಯಷ್ಟು ಜರುಗಿದರೂ ತುಟಿಯ ಕೆಂಪು ಗಲ್ಲಕ್ಕೆ ಬೀಳುತ್ತದೆ. ಈಗ ಯೋಚಿಸಿ. ರವಿವರ್ಮರು ಬರೆದ ತೈಲಚಿತ್ರದಲ್ಲಿ ಬಣ್ಣಗಳು ಒಂದರೊಳಗೊಂದು ಕರಗಿವೆ. ಅದನ್ನು ನೋಡಿ, ಇಲ್ಲಿ ಎಷ್ಟು ಹಳದಿ, ಇಲ್ಲಿ ಎಷ್ಟು ಗುಲಾಬಿ ಎಂದು ಕಣ್ಣಿನಲ್ಲೇ ಬಿಡಿಸಿ, ಒಂದೊಂದು ಕಲ್ಲಿನ ಮೇಲೆ ಚುಕ್ಕೆಚುಕ್ಕೆಯಾಗಿ, ಅದೂ ತಲೆಕೆಳಗಲ್ಲದಿದ್ದರೂ ಎಡಬಲ ಅದಲುಬದಲಾಗಿ ಬರೆದವರು ಬೇರೆ ಜನ. ದೇವಿಯ ಗಲ್ಲದ ನಸುಗೆಂಪು ಎಲ್ಲಿ ನಿಲ್ಲಬೇಕು ಎಂದು ನಿರ್ಧರಿಸಿದ್ದು ಅವರು. ನಮ್ಮ ದೇವರ ಕೋಣೆಯಲ್ಲಿರುವ ಮುಖವನ್ನು ಕೊನೆಯದಾಗಿ ಬರೆದ ಕೈ ಅವರದು.

ಆ ಕಾರ್ಖಾನೆಗೆ ಬಂಡವಾಳ ಬೇಕಿತ್ತು. ಗೋವರ್ಧನದಾಸ ಖಟಾವು ಮಖನ್‌ಜಿಯವರು ಪಾಲುದಾರರಾದರು. ಯಂತ್ರ, ತಂತ್ರಜ್ಞರು ಜರ್ಮನಿಯಿಂದ ಬಂದರು. ಮುಂಬಯಿಯಿಂದ ಅಚ್ಚುಕೂಟ ಲೋನಾವಳದ ಬಳಿಯ ಮಳವಲಿಗೆ ಹೋಯಿತು. ಸಾಲ, ಪ್ಲೇಗು, ಪಾಲುದಾರಿಕೆಯ ತೊಡಕು ಎಲ್ಲ ಸೇರಿ ಸೋದರರ ಕೈಯಲ್ಲಿ ಅದು ಲಾಭ ಕಾಣಲಿಲ್ಲ. 20ನೆಯ ಶತಮಾನದ ಮೊದಲ ವರ್ಷಗಳಲ್ಲೇ ಅವರು ಅದನ್ನು, ಚಿತ್ರಗಳನ್ನು ಅಚ್ಚು ಹಾಕುವ ಹಕ್ಕಿನ ಸಮೇತ, ಅಲ್ಲಿಯೇ ತಂತ್ರಜ್ಞನಾಗಿದ್ದ ಫ್ರಿಟ್ಸ್ ಶ್ಲೈಷರ್ ಎಂಬ ಜರ್ಮನ್‌ಗೆ ಮಾರಿಬಿಟ್ಟರು. ಆ ಮೇಲೆ ದಶಕಗಳ ಕಾಲ ಅಚ್ಚುಕೂಟ ಹಳೆಯ ಹೆಸರಿನಲ್ಲೇ ನಡೆಯಿತು. ಬೇರೆ ಕಲಾವಿದರ ಚಿತ್ರಗಳೂ ಅಲ್ಲಿಂದ ಅದೇ ಹೆಸರು ಹೊತ್ತು ಹೊರಬಿದ್ದವು. ಸೋಪಿನವರು, ಔಷಧದವರು, ಮಕ್ಕಳ ಆಹಾರದವರು ಜಾಹೀರಾತಿಗೆ ಬಳಸಿಕೊಂಡರು. 1972ರಲ್ಲಿ ಬೆಂಕಿ ಬಿದ್ದು ಅಲ್ಲಿನ ಎಷ್ಟೋ ಚಿತ್ರ, ಕಲ್ಲು ಹಾಳಾದವು. ಹೀಗಿರುವಾಗ ನಮ್ಮ ಮನೆಯ ಹಳೆಯ ಚಿತ್ರವೊಂದನ್ನು ತೋರಿಸಿ ‘ಇದು ರವಿವರ್ಮ’ ಎಂದರೆ, ಅದು ಅವರು ಬರೆದ ಚಿತ್ರದ ಅಚ್ಚೋ, ಅವರ ಕಾಲದ ಅಚ್ಚೋ, ಶ್ಲೈಷರ್ ಕಾಲದ್ದೋ, ಅವರು ಕಂಡೇ ಇರದ ಚಿತ್ರವೋ, ಕೇಳಿಕೊಳ್ಳಬೇಕಾದ ಪ್ರಶ್ನೆ. ಈ ಪ್ರಶ್ನೆಗಳನ್ನು ಗಂಭೀರವಾಗಿ ಎತ್ತಿಕೊಂಡವರು ಬೆಂಗಳೂರಿನಲ್ಲೇ ಇದ್ದಾರೆ. ವಕೀಲರಾದ ಗಣೇಶ್ ಶಿವಸ್ವಾಮಿ ಈ ಅಚ್ಚುಗಳ ಬೆನ್ನು ಹತ್ತಿ ಸಂಪುಟಗಳನ್ನೇ ಬರೆದಿದ್ದಾರೆ. ಅಷ್ಟು ಹತ್ತಿರ ಇಷ್ಟು ಕೆಲಸವಾಗಿದ್ದರೂ ವೇದಿಕೆಯ ಮೇಲಿನ ಕಥೆ ಬದಲಾಗಿಲ್ಲ.

‘ದೇವರಿಗೆ ಮುಖ ಕೊಟ್ಟವರು’ ಎಂಬ ಹೊಗಳಿಕೆಯಂತೂ ಮೈಸೂರು ಸೀಮೆಯಲ್ಲಿ ನಿಂತು ಆಡಬಾರದ ಮಾತು. ಚಿನ್ನದ ಹಾಳೆ ಹಚ್ಚಿದ, ಗೆಸ್ಸೋ ಎತ್ತರಿಸಿದ ಮೈಸೂರು ಶೈಲಿಯ ಲಕ್ಷ್ಮಿ ಸರಸ್ವತಿಯರು ಅದಕ್ಕೂ ಎಷ್ಟೋ ಮೊದಲೇ ನಮ್ಮ ಮನೆಗಳಲ್ಲಿದ್ದರು, ಪಕ್ಕದಲ್ಲಿ ತಂಜಾವೂರಿನವರು ಬರೆಯುತ್ತಿದ್ದರು. ಆ ದೇವತೆಗಳಿಗೆ ಮುಖ ಇರಲಿಲ್ಲವೆ? ಅಚ್ಚಿನಲ್ಲಿ ದೇವರನ್ನು ತಂದ ಮೊದಲಿಗರೂ ರವಿವರ್ಮರಲ್ಲ. ವಿಷ್ಣುಶಾಸ್ತ್ರಿ ಚಿಪಳೂಣಕರರ ಪುಣೆಯ ಚಿತ್ರಶಾಳಾ ಮುದ್ರಣಾಲಯವೂ ಕಲ್ಕತ್ತೆಯ ಆರ್ಟ್ ಸ್ಟುಡಿಯೊವೂ ಹುಟ್ಟಿದ್ದು 1878ರಲ್ಲಿ. ಎರಡರಿಂದಲೂ ದೇವದೇವತೆಯರ ಬಣ್ಣದ ಚಿತ್ರಗಳು ಪೇಟೆಗೆ ಬರುತ್ತಿದ್ದವು. ತಮ್ಮ ಚಿತ್ರಗಳನ್ನು ಅಚ್ಚು ಹಾಕಿಸಿದರೆ ಒಳ್ಳೆಯದು ಎಂಬ ಸಲಹೆಯನ್ನೂ ದಿವಾನರಾಗಿದ್ದ ಸರ್ ಟಿ. ಮಾಧವರಾಯರು ರವಿವರ್ಮರಿಗೆ 1880ರ ದಶಕದಲ್ಲೇ ಕೊಟ್ಟಿದ್ದರು. ರವಿವರ್ಮರ ನಿಜವಾದ ಸಾಧನೆ ಬೇರೆ. ಪುರಾಣದ ಹೆಣ್ಣಿಗೆ ನೆರಳು ಬೀಳುವ ಮೈಯನ್ನು, ಭಾರವಿರುವ ಸೀರೆಯನ್ನು, ಯೋಚನೆಯಲ್ಲಿರುವ ಕಣ್ಣನ್ನು ಕೊಟ್ಟರು. ಆ ಸೀರೆಯನ್ನು ಉಟ್ಟವಳು ಯಾವ ಪ್ರಾಂತ್ಯದವಳೂ ಅಲ್ಲದೆ ಎಲ್ಲ ಪ್ರಾಂತ್ಯಕ್ಕೂ ಸಲ್ಲುವಂತೆ ಮಾಡಿದರು. ಇದು ದೊಡ್ಡ ಸಾಧನೆ. ಮೊದಲಿಗನೆಂಬ ಸುಳ್ಳು ಕಿರೀಟದ ಅಗತ್ಯ ಇದಕ್ಕಿಲ್ಲ.

ಅಚ್ಚಿನ ಮೂಲಕ ದೇವರು ಎಲ್ಲ ಜಾತಿಯವರ ಮನೆ ತಲುಪಿದ ಎಂಬ ಮಾತೂ ಹೀಗೆಯೇ. ಗುಡಿಯ ಬಾಗಿಲು ಮುಚ್ಚಿದ್ದವರ ಗೋಡೆಗೂ ಆ ಚಿತ್ರ ಹೋಗಬಲ್ಲುದಾಗಿತ್ತು. ಅದರ ಮಹತ್ವ ನನಗೆ ಕಡಿಮೆಯಲ್ಲ. ಆದರೆ ಚಿತ್ರ ಎಲ್ಲಿಗೆ ಹೋಯಿತು ಎಂಬುದು ಒಂದು, ಬರೆದವರು ಏನನ್ನು ಬಯಸಿದ್ದರು ಎಂಬುದು ಇನ್ನೊಂದು. ಅದನ್ನು ಕೊಂಡು, ಮೊಳೆ ಹೊಡೆದು, ಊದುಬತ್ತಿ ಹಚ್ಚಿದ ಜನ ತಾವೇ ಒಂದು ಹೆಜ್ಜೆ ಇಟ್ಟರು. ಆ ಹೆಜ್ಜೆಯನ್ನೂ ಅರಮನೆಯ ಚಿತ್ರಕಾರರ ಔದಾರ್ಯದ ಖಾತೆಗೆ ಬರೆದರೆ ಅವರ ಪಾಲನ್ನು ಕಸಿದಂತೆ.

ಪ್ರಶ್ನೋತ್ತರದ ಹೊತ್ತಿಗೆ ಬರೋಣ. ಎರಡನೆಯದೋ ಮೂರನೆಯದೋ ಪ್ರಶ್ನೆ ರೂಪದರ್ಶಿಯ ಬಗ್ಗೆ ಬಂದೇ ಬರುತ್ತದೆ. ಅವಳು ಯಾರು, ಇವರಿಗೂ ಅವಳಿಗೂ ಏನಿತ್ತು, ಸಿನಿಮಾದಲ್ಲಿ ತೋರಿಸಿದ್ದು ನಿಜವೆ? ರಣಜಿತ್ ದೇಸಾಯಿಯವರು ಮರಾಠಿಯಲ್ಲಿ ರವಿವರ್ಮರ ಮೇಲೆ ಕಾದಂಬರಿ ಬರೆದರು. ಅದನ್ನು ಆಧರಿಸಿ ಕೇತನ್ ಮೆಹ್ತಾ ‘ರಂಗ್ ರಸಿಯಾ’ ತೆಗೆದರು, 2014ರಲ್ಲಿ ಅದು ತೆರೆಗೆ ಬಂತು. ಕಾದಂಬರಿಕಾರರು ಕಟ್ಟಿದ ಸುಗಂಧಾ ಎಂಬ ಪಾತ್ರ ಅಲ್ಲಿಂದಾಚೆಗೆ ಇತಿಹಾಸದ ವ್ಯಕ್ತಿಯಾಗಿ ನಮ್ಮ ಮಾತಿನಲ್ಲಿ ಓಡಾಡುತ್ತಿದ್ದಾಳೆ. ಕಾದಂಬರಿಕಾರರಿಗೆ ಆ ಹಕ್ಕಿದೆ, ಅದರ ಬಗ್ಗೆ ತಕರಾರಿಲ್ಲ. ಜೀವನಚರಿತ್ರೆ ಬರೆದವರು ಆ ಪ್ರಶ್ನೆಗೆ ನಸುನಕ್ಕು, ಹೌದು ಎಂದೂ ಹೇಳದೆ ಇಲ್ಲವೆಂದೂ ಹೇಳದೆ, ಸಭೆಯ ಕುತೂಹಲವನ್ನು ಬಿಸಿಯಾಗಿಯೇ ಇಟ್ಟುಕೊಳ್ಳುತ್ತಾರಲ್ಲ, ಅದರ ಬಗ್ಗೆ ತಕರಾರಿದೆ.

ಚಿತ್ರಕ್ಕೆ ಕಾರಣ ಪ್ರೇಮ ಎಂದೊಡನೆ ಎರಡು ಅನ್ಯಾಯ ಆಗುತ್ತವೆ. ಚಿತ್ರವನ್ನು ನೋಡುವ ಕೆಲಸ ನಿಂತುಹೋಗುತ್ತದೆ, ಅದು ಮೊದಲನೆಯದು. ಎರಡನೆಯದು ಅಲ್ಲಿ ಗಂಟೆಗಟ್ಟಲೆ ಅಲುಗದೆ ಕುಳಿತ ಹೆಣ್ಣಿನ ದುಡಿಮೆ, ಅವಳ ಸ್ವಂತ ಬದುಕು, ಗಂಡಸಿನ ಮನಸ್ಸಿನ ಒಂದು ಅಲೆಯಾಗಿ ಕಾಣೆಯಾಗುತ್ತದೆ. ರವಿವರ್ಮರ ಕೆಲವು ಚಿತ್ರಗಳಿಗೆ ರೂಪದರ್ಶಿಯಾಗಿದ್ದರೆಂದು ಬಲ್ಲವರು ಹೆಸರಿಸುವ ಒಬ್ಬರು ಅಂಜನಿಬಾಯಿ ಮಾಲ್ಪೇಕರ್. ಭೇಂಡಿಬಜಾರ್ ಘರಾಣೆಯ ಮಹಾ ಗಾಯಕಿ ಅವರು. 1958ರಲ್ಲಿ ಸಂಗೀತ ನಾಟಕ ಅಕಾಡೆಮಿ ಅವರನ್ನು ಗೌರವಿಸಿತು. ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಹುಟ್ಟಿದ ನಮ್ಮ ಕುಮಾರ ಗಂಧರ್ವರು ಅವರ ಮುಂದೆ ಕೂತು ಕಲಿತವರು, ಕಿಶೋರಿ ಅಮೋಣಕರರೂ ಕಲಿತವರು. ಬೇರೊಬ್ಬರ ಚಿತ್ರದಲ್ಲಿ ಮೋಹಿನಿಯಾಗಿ ನಿಂತದ್ದಕ್ಕಿಂತ ಎಷ್ಟೋ ಪಾಲು ದೊಡ್ಡ ಬದುಕು ಅದು. ರೂಪದರ್ಶಿ ಯಾರು ಎಂದು ಕೇಳಿದವರಿಗೆ ಇದನ್ನು ಹೇಳಬಹುದಲ್ಲ? ಕೇಳಿದವರು ಬೇಸರಪಡುವುದಿಲ್ಲ. ಒಬ್ಬ ಗಾಯಕಿಯ ಹೆಸರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮನೆಗೆ ಹೋಗುತ್ತಾರೆ, ಅವರ ಶಿಷ್ಯರ ಹಾಡನ್ನು ಹುಡುಕಿ ಕೇಳುತ್ತಾರೆ.

ನನ್ನ ಮಾತಿಗೆ ಬರಬಹುದಾದ ಗಟ್ಟಿಯಾದ ಪ್ರತಿವಾದ ನನಗೆ ಗೊತ್ತಿದೆ. ಕಾರ್ಯಾಗಾರ ಯಾರಿಗಿರಲಿಲ್ಲ? ರೂಬೆನ್ಸ್‌ಗೆ ಇತ್ತು, ರಫಾಯೆಲ್‌ಗೆ ಇತ್ತು. ಹಿನ್ನೆಲೆಯ ಮರ ಬರೆದವರು ಹಲವರು, ಮುಖ ಬರೆದವರು ಒಬ್ಬರು. ಚಿತ್ರ ನಿಲ್ಲುವುದು ಮುಖದ ಮೇಲೆ. ರಾಜರಾಜವರ್ಮರ ಸ್ವಂತ ಚಿತ್ರಗಳನ್ನು ಅಣ್ಣನ ಚಿತ್ರಗಳ ಪಕ್ಕದಲ್ಲಿಟ್ಟರೆ ಯಾರು ಮೇಲು ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಇದನ್ನು ನಾನೂ ಒಪ್ಪುತ್ತೇನೆ. ಮಲಗಿದ ಹೆಣ್ಣಿನ ಕೈ ಪುಸ್ತಕದ ಮೇಲೆ ಎಷ್ಟು ಸಡಿಲವಾಗಿರಬೇಕು ಎಂಬುದನ್ನು ಕಂಡ ಕಣ್ಣು ಅಣ್ಣನದು, ತಮ್ಮನಿಗೆ ಆ ಕಣ್ಣು ಇರಲಿಲ್ಲ. ಆದರೆ ರೂಬೆನ್ಸ್ ಬಗ್ಗೆ ಬರೆಯುವವರು ವಾನ್ ಡೈಕ್ ಹೆಸರು ಹೇಳಲು ಹಿಂಜರಿಯುವುದಿಲ್ಲ. ಕಾರ್ಯಾಗಾರದ ಪಾಲು ಎಷ್ಟು ಎಂದು ಅಲ್ಲಿ ಒಂದೊಂದು ಚಿತ್ರದ ಮುಂದೆ ನಿಂತು ವಾದ ಮಾಡುತ್ತಾರೆ, ಅದರಿಂದ ರೂಬೆನ್ಸ್ ಸಣ್ಣವರಾಗಿಲ್ಲ. ಪಾಲು ಕೇಳುವುದು ಅಣ್ಣನನ್ನು ಇಳಿಸುವುದಕ್ಕಲ್ಲ, ಚಿತ್ರವನ್ನು ಹೆಚ್ಚು ಸರಿಯಾಗಿ ನೋಡುವುದಕ್ಕೆ.

ಓದುಗರಿಗೆ ಒಬ್ಬ ನಾಯಕ ಬೇಕು, ಹತ್ತು ಜನರ ಕಥೆ ಯಾರು ಕೇಳುತ್ತಾರೆ ಎಂಬುದು ಇನ್ನೊಂದು ಮಾತು. ಪುಸ್ತಕದಂಗಡಿಯವರ ಕಷ್ಟ ನನಗೆ ಅರ್ಥವಾಗುತ್ತದೆ, ಪುಸ್ತಕ ಮಾರಾಟವಾಗಬೇಕು. ಆದರೆ ಕನ್ನಡದ ಕೇಳುಗರ ಬಗ್ಗೆ ಈ ಅಂದಾಜು ತಪ್ಪು. ರಾತ್ರಿಯಿಡೀ ಕೂತು ಯಕ್ಷಗಾನ ನೋಡುವವರು ಭಾಗವತರ ಹೆಸರು, ಮದ್ದಳೆಯವರ ಹೆಸರು, ಚೆಂಡೆಯವರ ಹೆಸರು ನೆನಪಿಟ್ಟುಕೊಂಡು ಮಾತಾಡುತ್ತಾರೆ. ಕಚೇರಿ ಕೇಳಿ ಬಂದವರು ಪಕ್ಕವಾದ್ಯದವರನ್ನು ಬಿಟ್ಟು ಮಾತು ಮುಗಿಸುವುದಿಲ್ಲ. ಹಲವು ಕೈ ಕೂಡಿ ಆಗುವ ಕಲೆಯ ಬಗ್ಗೆ ಮಾತಾಡಲು ನಮಗೆ ಬರುತ್ತದೆ. ಚಿತ್ರಕಲೆಯ ಬಗ್ಗೆ ಹಾಗೆ ಮಾತಾಡಲು ಯಾರೂ ನಮ್ಮನ್ನು ಕರೆದಿಲ್ಲ, ಅಷ್ಟೆ.

ಹಾಗೆ ಮಾತಾಡಿದರೆ ಏನು ಸಿಗುತ್ತದೆ ಎಂಬುದಕ್ಕೆ ಮತ್ತೆ ಜಗನ್ಮೋಹನ ಅರಮನೆಯದೇ ಒಂದು ಚಿತ್ರ ನೋಡಬಹುದು. 1889ರ ಸುಮಾರಿನ ಸಂಗೀತಗಾರ್ತಿಯರ ಗುಂಪಿನ ಚಿತ್ರ ಅದು. ಹನ್ನೊಂದು ಹೆಂಗಸರು, ಒಬ್ಬೊಬ್ಬರದು ಒಂದೊಂದು ಪ್ರಾಂತ್ಯದ, ಒಂದೊಂದು ಸಮುದಾಯದ ಉಡುಗೆ. ‘ರವಿವರ್ಮರು ಭಾರತದ ಏಕತೆಯನ್ನು ಕಂಡ ಚಿತ್ರ’ ಎಂದು ವೇದಿಕೆಯಿಂದ ಹೇಳಿ ಮುಂದಿನ ಚಿತ್ರಕ್ಕೆ ಹೋಗುತ್ತಾರೆ. ಸಾವಧಾನವಾಗಿ ನೋಡಿ: ಆ ಹನ್ನೊಂದು ಮಂದಿಯಲ್ಲಿ ಒಬ್ಬರಾದರೂ ಇನ್ನೊಬ್ಬರ ಮುಖ ನೋಡುತ್ತಿದ್ದಾರೆಯೆ? ಒಟ್ಟಿಗೆ ನುಡಿಸುವವರು ಒಬ್ಬರನ್ನೊಬ್ಬರು ಗಮನಿಸುವ ರೀತಿ ಒಂದಿದೆ, ಕಚೇರಿಯಲ್ಲಿ ಕೂತ ಯಾರಿಗಾದರೂ ಅದು ಗೊತ್ತು. ಇಲ್ಲಿ ಅದಿಲ್ಲ. ಪ್ರತಿಯೊಬ್ಬಳೂ ಬೇರೆ ಬೇರೆ ದಿನ, ಬೇರೆ ಬೇರೆ ಊರಿನಲ್ಲಿ ಕುಳಿತು ಬರೆಸಿಕೊಂಡಂತೆ ಕಾಣುತ್ತಾಳೆ. ನನಗೆ ಆ ಚಿತ್ರದಲ್ಲಿ ಕೇಳಿಸುವುದು ಏಕತೆಯಲ್ಲ. ಬರೋಡಾದ ಪೌರಾಣಿಕ ಚಿತ್ರಗಳ ಸಿದ್ಧತೆಗೆ ಉಡುಗೆತೊಡುಗೆ ಹುಡುಕುತ್ತ ಸೋದರರಿಬ್ಬರು ದೇಶ ಸುತ್ತಿದ್ದರ ನೆನಪು ಅದರಲ್ಲಿದೆ, ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ಕೆಲಸ ಮಾಡುವ ಅವರ ಪದ್ಧತಿಯ ಗುರುತು ಇದೆ, ಪಾರ್ಸಿ ನಾಟಕದ ಕೊನೆಯ ದೃಶ್ಯದಂತೆ ಎಲ್ಲರನ್ನೂ ಸಾಲಿಗೆ ತಂದು ನಿಲ್ಲಿಸುವ ರಂಗಭೂಮಿಯ ಅಭ್ಯಾಸ ಇದೆ. ಇದನ್ನು ದೋಷವೆಂದು ಕರೆದರೂ ಚಿಂತೆಯಿಲ್ಲ. ಆದರೆ ಹೇಗೆ ಕೆಲಸ ಮಾಡಿದರು ಎಂಬುದು ಗೊತ್ತಿಲ್ಲದೆ ದೋಷವನ್ನೂ ಕಾಣಲಾಗದು, ಗುಣವನ್ನೂ ಕಾಣಲಾಗದು.

ರವಿವರ್ಮರನ್ನು ಬಂಗಾಳದ ಹೊಸ ಪಂಥದವರು ಕಟುವಾಗಿ ಟೀಕಿಸಿದ್ದರು. ಆನಂದ ಕುಮಾರಸ್ವಾಮಿಯವರು 1907ರಲ್ಲೇ ಅವರ ಚಿತ್ರಗಳಲ್ಲಿ ನಾಟಕೀಯತೆಯೇ ಹೆಚ್ಚು, ಕಲ್ಪನೆ ಕಡಿಮೆ ಎಂದಿದ್ದರು. ಆ ಟೀಕೆಗೂ ಈಗಿನ ಹೊಗಳಿಕೆಗೂ ತಳಹದಿ ಒಂದೇ. ಎರಡೂ ಒಬ್ಬ ವ್ಯಕ್ತಿಯ ಆತ್ಮವನ್ನು ಚಿತ್ರದಲ್ಲಿ ಹುಡುಕಿದವು; ಒಂದಕ್ಕೆ ಸಿಗಲಿಲ್ಲ, ಇನ್ನೊಂದಕ್ಕೆ ಸಿಕ್ಕಿತು.

ಮೈಸೂರಿಗೆ ಸಂಬಂಧಿಸಿದ ಕೊನೆಯ ಅಧ್ಯಾಯವೊಂದಿದೆ. ಅದನ್ನು ಕರ್ನಾಟಕದಲ್ಲಿ ಮಾತಾಡುವ ಯಾವ ಜೀವನಚರಿತ್ರೆಕಾರರೂ ಬಿಡಬಾರದು. 1897ರ ಬೆಂಕಿಯಲ್ಲಿ ಹಳೆಯ ಅರಮನೆ ಸುಟ್ಟು ಹೊಸದು ಏಳುತ್ತಿದ್ದ ಕಾಲ. ನಾಲ್ವಡಿ ಕೃಷ್ಣರಾಜ ಒಡೆಯರು 1904ರಲ್ಲಿ ರವಿವರ್ಮರಿಗೆ ಪುರಾಣದ ಒಂಬತ್ತು ಚಿತ್ರಗಳ ಕೆಲಸ ಕೊಟ್ಟರು. ಸೋದರರು ಅದಕ್ಕೆ ಕೈ ಹಾಕಿದರು. 1905ರ ಆರಂಭದಲ್ಲಿ ರಾಜರಾಜವರ್ಮರು ತೀರಿಕೊಂಡರು. ಆಗ ಅವರಿಗೆ ಇನ್ನೂ ನಲವತ್ತೈದು ತುಂಬಿತ್ತೋ ಇಲ್ಲವೋ. ದಿನಚರಿ ನಿಂತಿತು. ಸಕ್ಕರೆ ಕಾಯಿಲೆಯಿಂ‌ದ ಬಳಲುತ್ತಿದ್ದ ಅಣ್ಣ ಉಳಿದ ಕೆಲಸ ಹೊತ್ತುಕೊಂಡು ಇನ್ನು ಒಂದೂಮುಕ್ಕಾಲು ವರ್ಷ ಬದುಕಿದರು.

ಇಬ್ಬರ ಕೆಲಸ ಹೇಗೆ ಹಂಚಿಕೆಯಾಗಿತ್ತು ಎಂದು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಅವರ ಇಡೀ ಬದುಕಿನಲ್ಲಿಲ್ಲ. ತಮ್ಮ ಇದ್ದಾಗ ಬರೆದ ಚಿತ್ರಗಳು, ತಮ್ಮ ಹೋದ ಮೇಲೆ ಮುಗಿದ ಚಿತ್ರಗಳು, ಒಂದೇ ಯಜಮಾನರಿಗಾಗಿ, ಒಂದೇ ಯೋಜನೆಯಲ್ಲಿ. ಬಂಡೆ, ಮೋಡ, ನೀರು, ಮರದ ಬೊಡ್ಡೆಯ ಮೇಲಿನ ಬೆಳಕು ಹೇಗೆ ಬದಲಾಗಿದೆ? ಆಕೃತಿಗಳ ಹಿಂದಿನ ಜಾಗ ಬರಿದಾಗಿದೆಯೆ, ಅಥವಾ ಬೇರೆ ಯಾರಾದರೂ ತುಂಬಿದ್ದಾರೆಯೆ? ರಾಸಾಯನಿಕ ಪರೀಕ್ಷೆ, ಕ್ಷ-ಕಿರಣ ಆಮೇಲಿನ ಮಾತು. ದಿನಚರಿಯ ಕೊನೆಯ ವರ್ಷವನ್ನು ಕೈಯಲ್ಲಿ ಹಿಡಿದು ಚಿತ್ರಗಳ ಮುಂದೆ ನಿಂತರೂ ಅರ್ಧ ಕೆಲಸ ಆಗುತ್ತದೆ. ಮೈಸೂರಿನಲ್ಲಿ ಕಲಾಶಾಲೆ ಇದೆ, ವಿಶ್ವವಿದ್ಯಾಲಯ ಇದೆ, ಚಿತ್ರ ಓದಬಲ್ಲ ಮಕ್ಕಳಿದ್ದಾರೆ. ಮುಂದಿನ ಸಲ ರವಿವರ್ಮರ ಹೊಸ ಜೀವನಚರಿತ್ರೆ ಹಿಡಿದು ಯಾರಾದರೂ ನಮ್ಮ ಊರಿನ ಪುಸ್ತಕದಂಗಡಿಗೆ ಬಂದಾಗ, ರೂಪದರ್ಶಿಯ ಪ್ರಶ್ನೆಗೆ ಮೊದಲೇ ಕೈ ಎತ್ತಿ, ಆ ಒಂಬತ್ತರಲ್ಲಿ ತಮ್ಮನ ಕೈ ಎಲ್ಲೆಲ್ಲಿದೆ ಎಂದು ಕೇಳಿ. ಲೇಖಕರ ಬಳಿ ಉತ್ತರವಿದ್ದರೆ ಅದನ್ನು ಪೂರ್ತಿ ಹೇಳಿಸಿ. ಇಲ್ಲದಿದ್ದರೆ ಆ ಪ್ರಶ್ನೆಯನ್ನು ಮೈಸೂರಿನ ವಿದ್ಯಾರ್ಥಿಗಳಿಗೆ ಬಿಟ್ಟುಕೊಡಿ, ಚಿತ್ರಗಳು ಅವರ ಊರಿನಲ್ಲೇ ಇವೆ.